ಹುವಾಂಗ್ ದಾವೊಪೊ ಯಾರು? ಒಂದು ಚೀನೀ ಧಾರಾವಾಹಿಯ ಹಿಂದಿರುವ ಹತ್ತಿಯ ಕಥೆ

ಚೀನಾದ ಐತಿಹಾಸಿಕ ಧಾರಾವಾಹಿಗಳನ್ನು ಸಬ್‌ಟೈಟಲ್ ಓದಿಕೊಂಡು ನೋಡುವವರು ನಮ್ಮಲ್ಲೂ ಈಗ ಸಾಕಷ್ಟು ಜನ ಇದ್ದಾರೆ. ಅರಮನೆ, ರಾಣಿವಾಸದ ಜಗಳ, ಕತ್ತಿವರಸೆ ಇವೇ ಅಲ್ಲಿ ಜಾಸ್ತಿ. ಹುಡುಕುತ್ತಾ ಹೋದರೆ 2010ರ 'ತಿಯೆನ್ಯಾ ಝಿನ್ಯೂ' ಅನ್ನುವ ಧಾರಾವಾಹಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಎ ವೀವರ್ ಆನ್ ದ ಹೊರೈಝನ್' ಅಂತ ಹೆಸರಿಟ್ಟಿದ್ದಾರೆ. ಅದರ ನಾಯಕಿ ಬಟ್ಟೆ ನೇಯುವ ಒಬ್ಬ ಹೆಣ್ಣುಮಗಳು. ಸುಮಾರು 750 ವರ್ಷಗಳ ಹಿಂದೆ ನಿಜವಾಗಿ ಬದುಕಿದ್ದ ಹುವಾಂಗ್ ದಾವೊಪೊ ಎಂಬಾಕೆಯ ಬದುಕನ್ನು ಇಟ್ಟುಕೊಂಡು ಕಟ್ಟಿದ ಕಥೆ ಇದು.

ಚೀನಾದ ಮಕ್ಕಳಿಗೆ ಈಕೆಯ ಹೆಸರು ಶಾಲೆಯಲ್ಲೇ ಗೊತ್ತಾಗುತ್ತದೆ. ನಮಗೆ ಹೊಸದು. ಬಟ್ಟೆ ನೇಯ್ದವರು ಲಕ್ಷಾಂತರ ಜನ ಇರುವಾಗ ಈ ಒಬ್ಬಳಿಗೆ ಅಷ್ಟು ದೊಡ್ಡ ಜಾಗ ಯಾಕೆ? ಅದು ಅರ್ಥವಾಗಬೇಕಾದರೆ ಹತ್ತಿ ಹೇಗೆ ಬಟ್ಟೆಯಾಗುತ್ತದೆ ಅನ್ನುವಲ್ಲಿಂದಲೇ ಶುರು ಮಾಡಬೇಕು. ಅದಕ್ಕೂ ಮೊದಲು ಹೆಸರಿನ ವಿಚಾರ ನೋಡಿಬಿಡೋಣ.

ಧಾರಾವಾಹಿಯ ಹೆಸರಿನ ಅರ್ಥ

'ತಿಯೆನ್ಯಾ' ಅಂದರೆ ಆಕಾಶದ ಅಂಚು. ನೆಲ ಮುಗಿದು ಇನ್ನು ಮುಂದೆ ಏನೂ ಇಲ್ಲ ಅನ್ನಿಸುವಷ್ಟು ದೂರದ ಜಾಗಕ್ಕೆ ಚೀನೀಯರು ಹೀಗೆ ಹೇಳುತ್ತಾರೆ. ದೇಶದ ದಕ್ಷಿಣದ ತುದಿಯಲ್ಲಿ ಹೈನಾನ್ ಎಂಬ ದ್ವೀಪ ಇದೆ. ಅದರ ದಕ್ಷಿಣ ತೀರದಲ್ಲಿ ಇದೇ ಹೆಸರಿನ ಒಂದು ಕಡಲತಡಿಯೂ ಇದೆ. ಹುವಾಂಗ್ ದಾವೊಪೊ ವರ್ಷಗಟ್ಟಲೆ ಬದುಕಿದ್ದು ಆ ಕಡೆಯಲ್ಲೇ.

'ಝಿನ್ಯೂ' ಅಂದರೆ ನೇಯುವ ಹುಡುಗಿ. ಇದು ಚೀನಾದ ಹಳೆಯ ಜನಪದ ಕಥೆಯ ಪಾತ್ರ. ಸ್ವರ್ಗದಲ್ಲಿ ಮೋಡದಂಥ ಬಟ್ಟೆ ನೇಯುತ್ತಿದ್ದ ಹುಡುಗಿ ಭೂಮಿಯ ದನಗಾಹಿಯನ್ನು ಮದುವೆಯಾಗುತ್ತಾಳೆ. ದೇವತೆಗಳು ಅವರಿಬ್ಬರನ್ನು ಬೇರೆ ಮಾಡಿ ನಡುವೆ ಆಕಾಶಗಂಗೆಯನ್ನು ಹರಿಸುತ್ತಾರೆ. ವರ್ಷಕ್ಕೆ ಒಂದೇ ರಾತ್ರಿ, ಏಳನೇ ತಿಂಗಳ ಏಳನೇ ದಿನ, ಭೇಟಿ. ಆ ಹುಡುಗಿಯೇ ನಾವು ಅಭಿಜಿತ್ ಅನ್ನುವ ನಕ್ಷತ್ರ. ದನಗಾಹಿ ನಮ್ಮ ಶ್ರವಣ ನಕ್ಷತ್ರ. ಹೀಗಾಗಿ ಧಾರಾವಾಹಿಯ ಹೆಸರು ಕೇಳಿದ ಕೂಡಲೇ ಚೀನೀ ಪ್ರೇಕ್ಷಕರಿಗೆ ಹೈನಾನ್ ದ್ವೀಪವೂ ನೆನಪಾಗುತ್ತದೆ, ಈ ವಿರಹದ ಕಥೆಯೂ ನೆನಪಾಗುತ್ತದೆ.

ಆಕೆಯ ಹೆಸರು ಏನು?

ಹುವಾಂಗ್ ಅನ್ನುವುದು ಮನೆತನದ ಹೆಸರು. 'ದಾವೊ' ಅಂದರೆ ಚೀನಾದ ಹಳೆಯ ಧರ್ಮಗಳಲ್ಲೊಂದಾದ ದಾವೊ ಪಂಥ, 'ಪೊ' ಅಂದರೆ ವಯಸ್ಸಾದ ಹೆಂಗಸು. ಎಲ್ಲ ಸೇರಿಸಿದರೆ 'ಹುವಾಂಗ್ ಮನೆತನದ ದಾವೊ ಪಂಥದ ಅಜ್ಜಿ' ಅಂತಾಗುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲೂ ದಾಖಲಾಗಿಲ್ಲ. ಊರಿನವರು ಕರೆದ ಹೆಸರೇ ಇತಿಹಾಸದಲ್ಲಿ ಉಳಿದುಕೊಂಡಿತು.

ಆಕೆಯ ಬಗ್ಗೆ ಹತ್ತಿರದ ಕಾಲದ ಬರಹಗಳು ಮುಖ್ಯವಾಗಿ ಎರಡು. ಒಂದು, ತಾವೊ ಝೋಂಗ್ಯಿ ಎಂಬ ವಿದ್ವಾಂಸ 1366ರ ಹೊತ್ತಿಗೆ ಹೊರತಂದ ಟಿಪ್ಪಣಿಗಳ ಪುಸ್ತಕ. ಇನ್ನೊಂದು, ಅದೇ ಕಾಲದ ಕವಿ ವಾಂಗ್ ಫೆಂಗ್ ಆಕೆಯ ಗುಡಿಯ ಮೇಲೆ ಬರೆದ ಕವಿತೆ. ಎರಡೂ ಚಿಕ್ಕವು. ಎರಡನ್ನೂ ಸೇರಿಸಿ ಓದಿದರೆ ತಿಳಿಯುವುದು ಇಷ್ಟು. ಆಕೆ ವುನಿಜಿಂಗ್ ಎಂಬ ಊರಿನವಳು. ಆ ಜಾಗ ಈಗ ಶಾಂಘೈ ನಗರದೊಳಗೆ ಸೇರಿಹೋಗಿದೆ. ಆಗ ಅದು ಸೋಂಗ್‌ಜಿಯಾಂಗ್ ಎಂಬ ಜಿಲ್ಲೆಯ ಒಂದು ಬಡ ಊರು. ಚಿಕ್ಕ ವಯಸ್ಸಿನಲ್ಲಿ ಹೇಗೋ ಹೈನಾನಿನ ಯಾಝೌ ಸೇರಿದಳು. ಯಾಝೌ ಇದ್ದದ್ದು ಈಗಿನ ಸಾನ್ಯಾ ನಗರದ ಹತ್ತಿರ. ವಯಸ್ಸಾದ ಮೇಲೆ, 1295ರಿಂದ 1297ರ ನಡುವೆ, ಹಡಗು ಹತ್ತಿ ತನ್ನ ಊರಿಗೆ ವಾಪಸ್ ಬಂದಳು. ಬಂದವಳು ಊರಿನ ಜನಕ್ಕೆ ಹತ್ತಿಯ ಕೆಲಸ ಕಲಿಸಿದಳು. ಸ್ವಲ್ಪ ಕಾಲಕ್ಕೆ ತೀರಿಕೊಂಡಳು.

ಆ ಹೊತ್ತಿಗೆ ಚೀನಾದಲ್ಲಿ ರಾಜ್ಯವೇ ಬದಲಾಗಿತ್ತು. ಆಕೆ ಹುಟ್ಟಿದಾಗ ಇದ್ದದ್ದು ಸೋಂಗ್ ವಂಶ. 1279ರಲ್ಲಿ ಅದು ಮುಗಿದು ಮಂಗೋಲರ ಯುವಾನ್ ವಂಶ ಪೂರ್ತಿ ಚೀನಾವನ್ನು ಆಳತೊಡಗಿತ್ತು. ಚಕ್ರವರ್ತಿ ಕುಬ್ಲಾಯ್ ಖಾನ್ 1294ರಲ್ಲಿ ತೀರಿಕೊಂಡ. ಅದಾದ ಒಂದೆರಡು ವರ್ಷದಲ್ಲಿ ಈ ಅಜ್ಜಿಯ ಹಡಗು ದಡ ಸೇರಿತು.

ಹತ್ತಿ ಬರುವ ಮೊದಲು ಚೀನಾ ಏನು ಉಡುತ್ತಿತ್ತು?

ಚೀನಾ ಅಂದ ಕೂಡಲೇ ನಮಗೆ ರೇಷ್ಮೆ ನೆನಪಾಗುತ್ತದೆ. ಆದರೆ ರೇಷ್ಮೆ ಉಳ್ಳವರ ಬಟ್ಟೆ. ಸಾಮಾನ್ಯ ಜನ ಉಡುತ್ತಿದ್ದದ್ದು ಸೆಣಬಿನಂಥ ನಾರಿನ ಬಟ್ಟೆ. ಬೇಸಿಗೆಗೆ ಅದು ಪರವಾಗಿಲ್ಲ, ಗಾಳಿ ಆಡುತ್ತದೆ. ಚಳಿಗಾಲಕ್ಕೆ ಸಾಲದು. ಉಳ್ಳವರು ಚಳಿಗೆ ತುಪ್ಪಳ ಹೊದ್ದರು, ರೇಷ್ಮೆಯ ಉಳಿಕೆ ಎಳೆಗಳನ್ನು ಒಳಗೆ ತುಂಬಿದ ಕೋಟು ತೊಟ್ಟರು. ಬಡವರು ಕೈಗೆ ಸಿಕ್ಕ ನಾರು ತುಂಬಿಕೊಂಡು ನಡುಗಿದರು.

ಹತ್ತಿ ಚೀನಾದ ಗಿಡವಲ್ಲ. ಹೊರಗಿನಿಂದ ಎರಡು ದಾರಿಯಲ್ಲಿ ಬಂತು. ಒಂದು ಪಶ್ಚಿಮದ ಮರಳುಗಾಡಿನ ದಾರಿ, ಈಗಿನ ಶಿನ್‌ಜಿಯಾಂಗ್ ಕಡೆಯಿಂದ. ಇನ್ನೊಂದು ದಕ್ಷಿಣದ ದಾರಿ. ದಕ್ಷಿಣದಿಂದ ಬಂದದ್ದು ನಮ್ಮ ಭಾರತ ಉಪಖಂಡದ ದೇಸಿ ಹತ್ತಿ. ಅದು ಆಗ್ನೇಯ ಏಷ್ಯಾ ದಾಟಿ ಹೈನಾನ್, ಗುವಾಂಗ್‌ಡೋಂಗ್, ಫುಜಿಯಾನ್ ಸೇರಿತು. ಜೊತೆಗೆ ಹೆಸರೂ ಬಂತು. ಹಳೆಯ ಚೀನೀ ಪುಸ್ತಕಗಳಲ್ಲಿ ಹತ್ತಿಗೆ 'ಜಿಬೈ' ಎಂಬ ಪದ ಇದೆ. ನಮ್ಮ ಸಂಸ್ಕೃತದ 'ಕರ್ಪಾಸ' ಆಗ್ನೇಯ ಏಷ್ಯಾದ ಜನರ ಬಾಯಲ್ಲಿ ಸವೆದು ಸವೆದು ಅಲ್ಲಿಗೆ ಹೋಗಿ ಹೀಗಾಯಿತು ಅಂತ ವಿದ್ವಾಂಸರು ಹೇಳುತ್ತಾರೆ. ಗಿಡ ಹೋದ ದಾರಿಯನ್ನು ಪದವೂ ತೋರಿಸಿಕೊಡುತ್ತದೆ, ಅಲ್ವಾ?

ಆದರೂ ಹತ್ತಿ ಬಹಳ ಕಾಲ ದಕ್ಷಿಣದ ಅಂಚಿನಲ್ಲೇ ನಿಂತುಬಿಟ್ಟಿತು. 1200ರ ದಶಕದಲ್ಲಿ ಮೆಲ್ಲಗೆ ಯಾಂಗ್‌ತ್ಸೆ ನದಿಯ ಕಡೆಗೆ ಸರಿಯಿತು. ವುನಿಜಿಂಗ್‌ನವರು ಅದನ್ನು ಯಾಕೆ ಬಿತ್ತಿದರು ಅನ್ನುವುದನ್ನು ತಾವೊ ಝೋಂಗ್ಯಿ ನೇರವಾಗಿ ಬರೆದಿದ್ದಾನೆ: ಅಲ್ಲಿನ ಮಣ್ಣು ಬಡ, ಬೆಳೆದದ್ದು ಹೊಟ್ಟೆಗೆ ಸಾಲುತ್ತಿರಲಿಲ್ಲ. ಅದಕ್ಕೇ ಬೇರೆ ದಾರಿ ಹುಡುಕಿ ಹತ್ತಿ ಬೀಜ ತಂದು ಹಾಕಿದರು. ಗಿಡವೇನೋ ಬಂತು. ಗಿಡದಿಂದ ಬಟ್ಟೆಯವರೆಗಿನ ದಾರಿ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ತೊಂದರೆ ಎಲ್ಲಿತ್ತು? ಒಂದು ತೊಳೆ ಹತ್ತಿ ಕೈಗೆ ತೆಗೆದುಕೊಳ್ಳಿ

ಕಾರ್ತಿಕ ಮಾಸಕ್ಕೆ ಮುಂಚೆ ನಮ್ಮಜ್ಜಿ ಹೂಬತ್ತಿ ಮಾಡಲು ಕೂರುತ್ತಿದ್ದರು. ಹತ್ತಿಯಿಂದ ಬೀಜ ಬಿಡಿಸಿಕೊಡುವುದು ನನ್ನ ಕೆಲಸ. ನೋಡಲು ಸುಲಭ. ಕೈಗೆ ತೆಗೆದುಕೊಂಡಾಗಲೇ ಗೊತ್ತಾಗುವುದು, ಎಳೆಗಳು ಬೀಜಕ್ಕೆ ಸುಮ್ನೆ ಅಂಟಿಕೊಂಡಿಲ್ಲ, ಬೀಜದ ಸಿಪ್ಪೆಯ ಮೇಲಿಂದಲೇ ಕೂದಲಿನ ಹಾಗೆ ಬೆಳೆದಿವೆ. ಬೀಜವನ್ನು ಉಗುರಿನಲ್ಲಿ ಒತ್ತಿ ಹಿಡಿದು, ಎಳೆಯನ್ನು ಇನ್ನೊಂದು ಕೈಯಲ್ಲಿ ಎಳೆಯಬೇಕು. ಪಟ್ ಅಂತ ಬರುವುದಿಲ್ಲ. ಬಂದಾಗ ಸ್ವಲ್ಪ ತುಂಡಾಗಿ ಬರುತ್ತದೆ. ಅರ್ಧ ಗಂಟೆಗೆ ಒಂದು ಹಿಡಿ ಅರಳೆ ಆದರೆ ಹೆಚ್ಚು, ಬೆರಳ ತುದಿ ಉರಿಯುತ್ತಿತ್ತು. ಗಿಡದಿಂದ ಕಿತ್ತ ಹತ್ತಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬೀಜವೇ. ನೂಲಿಗೆ ಸಿಗುವುದು ಉಳಿದ ಒಂದು ಪಾಲು ಮಾತ್ರ.

ಒಂದಿಷ್ಟು ಬತ್ತಿಗೆ ಇದು ನಡೆಯುತ್ತದೆ. ಮನೆಮಂದಿಗೆಲ್ಲ ಬಟ್ಟೆ ಆಗಬೇಕಾದರೆ? ವುನಿಜಿಂಗ್‌ನವರು ಮಾಡುತ್ತಿದ್ದದ್ದು ಇದನ್ನೇ. ಕೈಯಲ್ಲಿ ಬೀಜ ಬಿಡಿಸುತ್ತಿದ್ದರು ಅಂತ ತಾವೊ ಬರೆದಿದ್ದಾನೆ.

ಹತ್ತಿ ಬಟ್ಟೆಯಾಗಲು ನಾಲ್ಕು ಕೆಲಸ ಆಗಬೇಕು. ಬೀಜ ಬೇರೆ ಮಾಡುವುದು, ಹಿಂಜುವುದು, ನೂಲು ತೆಗೆಯುವುದು, ನೇಯುವುದು. ತಾವೊ ಕೂಡ ಇದೇ ನಾಲ್ಕನ್ನು ಹೆಸರಿಸಿ, ಆ ನಾಲ್ಕಕ್ಕೂ ಬೇಕಾದ ಸಲಕರಣೆ ಮಾಡುವುದನ್ನು ಅಜ್ಜಿ ಕಲಿಸಿದಳು ಅನ್ನುತ್ತಾನೆ. ಇದು ಸಣ್ಣ ಮಾತಲ್ಲ. ಒಂದು ಕೆಲಸ ಮಾತ್ರ ಬೇಗ ಆದರೆ ಪ್ರಯೋಜನ ಇಲ್ಲ. ಮದುವೆ ಅಡುಗೆಮನೆಯಲ್ಲಿ ಹತ್ತು ಜನ ಒಬ್ಬಟ್ಟು ತಟ್ಟುತ್ತಿದ್ದು, ಬೇಯಿಸಲು ಒಂದೇ ಹಂಚಿದ್ದರೆ ಹೇಗೆ? ಪಂಕ್ತಿ ಕಾಯುತ್ತಲೇ ಇರುತ್ತದೆ. ಹತ್ತಿಯಲ್ಲೂ ಹಾಗೇ.

ನಾಲ್ಕು ಕೆಲಸ, ನಾಲ್ಕು ಸಲಕರಣೆ

ಮೊದಲನೆಯದು ಬೀಜ ತೆಗೆಯುವ ಯಂತ್ರ. ನಮ್ಮ ಕಬ್ಬಿನ ಗಾಣ ನೋಡಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಒಂದರ ಪಕ್ಕ ಒಂದು ಎರಡು ಉರುಳೆ. ಎರಡೂ ಎದುರುಬದುರಾಗಿ ತಿರುಗುತ್ತವೆ. ನಡುವಿನ ಸಂದಿ ಎಷ್ಟು ಚಿಕ್ಕದು ಅಂದರೆ ಎಳೆ ಮಾತ್ರ ನುಸುಳುತ್ತದೆ, ಬೀಜ ನುಸುಳುವುದಿಲ್ಲ. ಹತ್ತಿ ಕೊಟ್ಟರೆ ಅರಳೆ ಆಚೆ ಹೋಗುತ್ತದೆ, ಬೀಜ ಈಚೆ ಉದುರುತ್ತದೆ. ವಾಂಗ್ ಝೆನ್ ಎಂಬ ಅಧಿಕಾರಿ 1313ರಲ್ಲಿ ಬರೆದು ಮುಗಿಸಿದ ಕೃಷಿ ಗ್ರಂಥದಲ್ಲಿ ಇದರ ವಿವರಣೆ ಇದೆ. ಇಬ್ಬರು ಉರುಳೆ ತಿರುಗಿಸಬೇಕು, ಒಬ್ಬರು ಹತ್ತಿ ಉಣಿಸಬೇಕು. ಮುನ್ನೂರು ವರ್ಷಗಳ ಮೇಲೆ ಅದೇ ಶಾಂಘೈ ಕಡೆಯ ವಿದ್ವಾಂಸ ಶು ಗುವಾಂಗ್‌ಚಿ, ಈಗಿನ ಯಂತ್ರದಲ್ಲಿ ಒಬ್ಬರೇ ಮೂವರ ಕೆಲಸ ಮಾಡುತ್ತಾರೆ ಅಂತ ಬರೆದ. ಅಂದರೆ ಆಕೆ ಹಚ್ಚಿಕೊಟ್ಟ ಕೆಲಸ ಆಮೇಲೂ ಸುಧಾರಿಸುತ್ತಾ ಹೋಯಿತು.

ಎರಡನೆಯದು ಹಿಂಜುವ ಬಿಲ್ಲು. ಬೀಜ ತೆಗೆದ ಅರಳೆ ಗಂಟುಗಂಟಾಗಿರುತ್ತದೆ. ಅದನ್ನು ಮೋಡದ ಹಾಗೆ ಬಿಡಿಸದಿದ್ದರೆ ನೂಲು ಸಮವಾಗಿ ಬರುವುದಿಲ್ಲ. ಹಾಸಿಗೆ ಹಿಂಜುವ ಪಿಂಜಾರರು ಭುಜದ ಮೇಲೆ ಉದ್ದದ ಬಿಲ್ಲು ಹೊತ್ತು ನಮ್ಮ ಬೀದಿಗಳಲ್ಲಿ ಬರುತ್ತಿದ್ದರಲ್ಲ, ತಂತಿಯನ್ನು ಮರದ ಕೊಡತಿಯಿಂದ ಬಡಿದಾಗ ಟಂಯ್ ಅನ್ನುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ತಂತಿಯ ನಡುಕ ಹತ್ತಿಗೆ ತಾಗಿ ಎಳೆ ಎಳೆಯಾಗಿ ಹಾರುತ್ತಿತ್ತು. ಚೀನಾದಲ್ಲೂ ಕೆಲಸದ ಬಗೆ ಇದೇ. ಆದರೆ ಮೊದಲು ಅಲ್ಲಿದ್ದದ್ದು ಸುಮಾರು ಒಂದೂವರೆ ಅಡಿಯ ಬಿದಿರಿನ ಪುಟ್ಟ ಬಿಲ್ಲು. ವುನಿಜಿಂಗ್‌ನಲ್ಲಿ ಅದನ್ನು ಮೇಜಿನ ಮೇಲಿಟ್ಟುಕೊಂಡು ಮೀಟುತ್ತಿದ್ದರು. ದಿನವಿಡೀ ಮೀಟಿದರೂ ಎಷ್ಟು ಹತ್ತಿ ಬಿಡಿಸಲು ಆದೀತು? 1313ರ ಗ್ರಂಥದ ಹೊತ್ತಿಗೆ ಬಿಲ್ಲು ನಾಲ್ಕಡಿಯಾಗಿದೆ. ತಾವೊ ಹೇಳುವುದು ಕೊಡತಿಯಿಂದ ಬಡಿಯುವ ಬಿಲ್ಲನ್ನು. ಬಿಲ್ಲು ದೊಡ್ಡದಾದಷ್ಟೂ ಬಡಿತಕ್ಕೆ ಬಲ, ಎಳೆ ಹೆಚ್ಚು ಬಿಡಿಬಿಡಿಯಾಗುತ್ತದೆ.

ಮೂರನೆಯದು ರಾಟೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ನಮ್ಮ ಚರಕದಲ್ಲಿ ಒಂದು ಕೈ ಚಕ್ರ ತಿರುಗಿಸುತ್ತದೆ, ಇನ್ನೊಂದು ಕೈ ಹಂಜಿಯಿಂದ, ಅಂದರೆ ಹಿಂಜಿದ ಅರಳೆಯ ಸುರುಳಿಯಿಂದ, ನೂಲು ಎಳೆಯುತ್ತದೆ. ನೂಲು ಸುತ್ತಿಕೊಳ್ಳುವ ಕಡ್ಡಿ, ಅಂದರೆ ಕದಿರು ಒಂದು, ನೂಲು ಒಂದು. ಒಂದು ಮಗ್ಗಕ್ಕೆ ಸಾಲುವಷ್ಟು ನೂಲು ಒದಗಿಸಲು ಹೀಗೆ ಹಲವರು ಕೂರಬೇಕು. ನೇಯುವವರು ನೂಲಿಗಾಗಿ ಕಾಯುವುದು ಎಲ್ಲ ದೇಶದ ಹಳೆಯ ಗೋಳು.

ಚೀನಾದ ಹೊಸ ರಾಟೆಯಲ್ಲಿ ಚಕ್ರ ತಿರುಗಿಸುವ ಕೆಲಸ ಕಾಲಿಗೆ ಹೋಯಿತು. ಕೆಳಗೆ ತುಳಿಯುವ ಹಲಗೆ. ಹೊಲಿಗೆ ಮಿಷನ್ ತುಳಿಯುವ ಹಾಗೆ ಅಂದುಕೊಳ್ಳಿ. ಎರಡೂ ಕೈ ಬಿಡುವಾದವು. ಆಗ ಮೂರು ಕದಿರು ಕೂರಿಸಲು ಸಾಧ್ಯವಾಯಿತು. ಎಡಗೈಯ ಬೆರಳ ಸಂದಿಗಳಲ್ಲಿ ಮೂರು ಹಂಜಿ, ಮೂರು ನೂಲು ಒಟ್ಟಿಗೆ. ಬಲಗೈಯಲ್ಲಿ ಒಂದು ಕಡ್ಡಿ ಹಿಡಿದು ನೂಲುಗಳನ್ನು ಸಮ ಮಾಡುತ್ತಾ ಹೋಗಬೇಕು. ಕಣ್ಣಿಗೆ ಸುಲಭವಾಗಿ ಕಾಣಬಹುದು. ಮೂರು ನೂಲಲ್ಲಿ ಒಂದು ದಪ್ಪವಾದರೂ, ಒಂದು ಹರಿದರೂ ಬೆರಳಿಗೆ ಗೊತ್ತಾಗಬೇಕು. ಇಂಗ್ಲೆಂಡಿನಲ್ಲಿ ಹಲವು ಕದಿರಿನ ಸ್ಪಿನ್ನಿಂಗ್ ಜೆನ್ನಿ ಬಂದದ್ದು 1760ರ ದಶಕದಲ್ಲಿ. ವಾಂಗ್ ಝೆನ್‌ನ ಪುಸ್ತಕದಲ್ಲಿ ಮೂರು ಕದಿರಿನ ಕಾಲು ರಾಟೆ ಅದಕ್ಕೂ ನಾನೂರೈವತ್ತು ವರ್ಷ ಮೊದಲೇ ಇದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಈ ಮೂರು ಕದಿರಿನ ರಾಟೆಯನ್ನು ಹುವಾಂಗ್ ದಾವೊಪೊ ಕಂಡುಹಿಡಿದಳು ಅಂತ ಜನಪ್ರಿಯ ಪುಸ್ತಕಗಳು ಬರೆಯುತ್ತವೆ. ತಾವೊ ಝೋಂಗ್ಯಿ ಹಾಗೆ ಹೇಳಿಲ್ಲ. ಆತ ಬಳಸಿದ ಮಾತು 'ಕಲಿಸಿದಳು'.

ನಾಲ್ಕನೆಯದು ನೇಯ್ಗೆ. ಬಣ್ಣ ಬಣ್ಣದ ನೂಲನ್ನು ಬೆರೆಸುವುದು, ಹಾಸಿನ (ಉದ್ದದ) ಎಳೆಗಳಲ್ಲಿ ಕೆಲವನ್ನು ಮಾತ್ರ ಮೇಲೆತ್ತಿ ಹೊಕ್ಕು (ಅಡ್ಡದ ಎಳೆ) ಹಾಯಿಸಿ ಚಿತ್ತಾರ ಬರಿಸುವುದು, ಇದನ್ನೆಲ್ಲ ಆಕೆ ಹೇಳಿಕೊಟ್ಟಳು. ಇಳಕಲ್ಲ, ಗುಳೇದಗುಡ್ಡದ ಕಡೆ ಮಗ್ಗ ನೋಡಿದವರಿಗೆ ಇದರ ಕಷ್ಟ ಗೊತ್ತು. ಯಾವ ಸಾಲಿಗೆ ಯಾವ ಎಳೆ ಮೇಲೇಳಬೇಕು ಅನ್ನುವ ಲೆಕ್ಕ ತಪ್ಪಿದರೆ ಹೂವು ಹೂವಾಗುವುದಿಲ್ಲ. ವುನಿಜಿಂಗ್‌ನ ಹೊದಿಕೆ, ಹಾಸು, ನಡುಪಟ್ಟಿ, ಕರವಸ್ತ್ರಗಳ ಮೇಲೆ ಹೂವಿರುವ ಮುರಿದ ಕೊಂಬೆ, ದುಂಡಗೆ ಸುತ್ತಿದ ಫೀನಿಕ್ಸ್ ಹಕ್ಕಿ, ಆಟದ ಮಣೆಯಂಥ ಚೌಕಳಿ, ಅಕ್ಷರಗಳು ಬಂದವು. ಕುಂಚದಲ್ಲಿ ಬರೆದ ಹಾಗೆ ಹೊಳೆಯುತ್ತಿದ್ದವು ಅಂತ ತಾವೊ ಬರೆಯುತ್ತಾನೆ.

ಆಕೆ ಇದನ್ನೆಲ್ಲ ಯಾರಿಂದ ಕಲಿತಳು?

ಹೈನಾನ್ ದ್ವೀಪದ ಮೂಲ ನಿವಾಸಿಗಳು ಲೀ ಜನ. ಹತ್ತಿ ಚೀನಾದ ಒಳನಾಡಿಗೆ ಹೋಗುವ ಎಷ್ಟೋ ಮೊದಲಿನಿಂದ ಅವರಿಗೆ ಅದರ ಕೆಲಸ ಗೊತ್ತಿತ್ತು. ಅವರ ಮಗ್ಗಕ್ಕೆ ಚೌಕಟ್ಟೇ ಇಲ್ಲ. ಹೆಂಗಸು ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಹಾಸಿನ ಒಂದು ತುದಿ ಆಕೆಯ ಪಾದಕ್ಕೆ, ಇನ್ನೊಂದು ತುದಿ ಸೊಂಟದ ಪಟ್ಟಿಗೆ. ಸ್ವಲ್ಪ ಹಿಂದೆ ವಾಲಿದರೆ ನೂಲು ಬಿಗಿಯುತ್ತದೆ, ಮುಂದೆ ಬಾಗಿದರೆ ಸಡಿಲ. ಆಕೆಯ ಮೈಯೇ ಮಗ್ಗ.

ಲೀ ಭಾಷೆಗೆ ಹಿಂದಿನಿಂದ ಲಿಪಿ ಇರಲಿಲ್ಲ. ತಮ್ಮ ಕಥೆ, ನಂಬಿಕೆಗಳನ್ನು ಅವರು ಬಟ್ಟೆಯ ಚಿತ್ತಾರದಲ್ಲೇ ಇಟ್ಟುಕೊಂಡರು. ಅಮ್ಮ ಮಗಳಿಗೆ ಕೂರಿಸಿಕೊಂಡು ಹೇಳಿಕೊಟ್ಟದ್ದೇ ಪಾಠ. ನೂಲು ತೆಗೆಯುವ, ಬಣ್ಣ ಹಾಕುವ, ನೇಯುವ, ಕಸೂತಿ ಹಾಕುವ ಅವರ ಈ ವಿದ್ಯೆ ಅಳಿದುಹೋಗುವ ಅಪಾಯದಲ್ಲಿದೆ ಅಂತ ಯುನೆಸ್ಕೊ 2009ರಲ್ಲಿ ತುರ್ತಾಗಿ ಕಾಪಾಡಬೇಕಾದ ಪಟ್ಟಿಗೆ ಸೇರಿಸಿತು. ಪರಿಸ್ಥಿತಿ ಸುಧಾರಿಸಿದ ಮೇಲೆ 2024ರಲ್ಲಿ ಸಾಮಾನ್ಯ ಪಟ್ಟಿಗೆ ಬದಲಾಯಿಸಿತು.

ಹುವಾಂಗ್ ದಾವೊಪೊಳ ಹೆಸರು ಹೇಳುವಾಗ ಈ ಲೀ ಹೆಂಗಸರನ್ನು ಬಿಡಬಾರದು. ಆಕೆ ಯಾಝೌದಿಂದ ತಂದ ವಿದ್ಯೆಯ ಹಿಂದೆ ಅವರ ಕೈ ಇದೆ. ಅವರಲ್ಲಿ ಒಬ್ಬರ ಹೆಸರೂ ಬರಹದಲ್ಲಿ ಉಳಿದಿಲ್ಲ.

ಅದರಿಂದ ಏನಾಯಿತು?

ಆ ಹೊತ್ತಿಗೆ ಸರ್ಕಾರದ ಕಣ್ಣೂ ಹತ್ತಿಯ ಮೇಲೆ ಬಿದ್ದಿತ್ತು. 1289ರಲ್ಲಿ ಯುವಾನ್ ಸರ್ಕಾರ ದಕ್ಷಿಣದ ಪ್ರಾಂತ್ಯಗಳಲ್ಲಿ ಹತ್ತಿ ಇಲಾಖೆಗಳನ್ನು ತೆರೆದು, ವರ್ಷಕ್ಕೆ ಒಂದು ಲಕ್ಷ ತಾನು ಬಟ್ಟೆ ಕೊಡಬೇಕೆಂದು ವಿಧಿಸಿತು. ಎರಡೇ ವರ್ಷಕ್ಕೆ ಆ ಇಲಾಖೆಗಳನ್ನು ಮುಚ್ಚಿತು. 1296ರಲ್ಲಿ ಹತ್ತಿ ಬಟ್ಟೆ ಮಾಮೂಲಿ ಕಂದಾಯದ ಪಟ್ಟಿಗೇ ಸೇರಿತು. ಅಜ್ಜಿ ಊರಿಗೆ ಬಂದದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಕಂದಾಯಕ್ಕೆ ಬಟ್ಟೆ ಬೇಕು, ಹೊಲದಲ್ಲಿ ಹತ್ತಿ ಇದೆ, ಕೆಲಸ ಕಲಿಸುವವರು ಬೇಕಿತ್ತು. ಆ ಸಮಯಕ್ಕೆ ಸರಿಯಾಗಿ ಆಕೆ ಬಂದಳು.

ಊರಿನವರು ಪೈಪೋಟಿಯಲ್ಲಿ ಕಲಿತರು, ಬಟ್ಟೆಯನ್ನು ಹೊರ ಊರುಗಳಿಗೆ ಮಾರಿದರು, ಮನೆಗಳು ಚೇತರಿಸಿಕೊಂಡವು. ಮುಂದೆ ಮಿಂಗ್ ವಂಶ ಬಂದಾಗ ಹತ್ತಿಗೆ ಇನ್ನಷ್ಟು ಬಲ ಸಿಕ್ಕಿತು. ಆ ವಂಶ ಕಟ್ಟಿದ ಝು ಯುವಾನ್‌ಝಾಂಗ್ 1365ರಲ್ಲೇ ಒಂದು ಆಜ್ಞೆ ಹೊರಡಿಸಿದ್ದ. ಐದರಿಂದ ಹತ್ತು 'ಮು' ಜಮೀನಿದ್ದ ರೈತರು ಹಿಪ್ಪುನೇರಳೆ, ನಾರಿನ ಗಿಡ, ಹತ್ತಿ ಇವು ಒಂದೊಂದನ್ನೂ ಅರ್ಧ ಮು ಬೆಳೆಯಲೇಬೇಕು. ಒಂದು ಮು ಅಂದರೆ ನಮ್ಮ ಲೆಕ್ಕದಲ್ಲಿ ಆರೇಳು ಗುಂಟೆ. ಮಿಂಗ್ ಕಾಲಕ್ಕೆ ಸೋಂಗ್‌ಜಿಯಾಂಗ್ ದೇಶದ ಹತ್ತಿ ಬಟ್ಟೆಯ ದೊಡ್ಡ ಕೇಂದ್ರವಾಯಿತು. ಎಷ್ಟು ಕೊಂಡರೂ ಸೋಂಗ್‌ಜಿಯಾಂಗ್ ಬಟ್ಟೆ ಮುಗಿಯುವುದಿಲ್ಲ ಅನ್ನುವ ಗಾದೆಯೇ ಹುಟ್ಟಿತು. ಬಡವರ ಮೈಗೂ ಚಳಿಗಾಲದಲ್ಲಿ ಹತ್ತಿ ತುಂಬಿದ ಬೆಚ್ಚನೆಯ ಅಂಗಿ ಬಂತು.

ಧಾರಾವಾಹಿಯಲ್ಲಿ ಎಷ್ಟು ನಿಜ?

ಆಕೆ ಯಾಝೌಗೆ ಯಾಕೆ ಹೋದಳು ಅನ್ನುವುದಕ್ಕೆ ಹಳೆಯ ಬರಹಗಳಲ್ಲಿ ಕಾರಣ ಇಲ್ಲ. ಚಿಕ್ಕಂದಿನಲ್ಲೇ ಸೊಸೆಯಾಗಿ ಮಾರಲ್ಪಟ್ಟು, ಅತ್ತೆಮನೆಯ ಹೊಡೆತ ತಾಳದೆ ಹಡಗಿನಲ್ಲಿ ಅಡಗಿ ಓಡಿಹೋದಳು ಅನ್ನುವ ಕಥೆ ಚೀನಾದಲ್ಲಿ ಬಹಳ ಪ್ರಸಿದ್ಧ. ಅದು ತುಂಬಾ ಈಚೆಗೆ ಹಬ್ಬಿದ್ದು. ತಾವೊ ಝೋಂಗ್ಯಿಯ ಟಿಪ್ಪಣಿಯಲ್ಲಿ ಅದಿಲ್ಲ. 1245ರ ಸುಮಾರಿಗೆ ಹುಟ್ಟಿದಳು ಅನ್ನುವುದೂ ಅಂದಾಜು. ತೆರೆಯ ಮೇಲೆ ಕಾಣುವ ಚೆಂದದ ಯುವತಿ, ಆಕೆಯ ಪ್ರೀತಿ, ಸಂಕಟ ಇವು ಕಥೆ ಬರೆದವರ ಕಲ್ಪನೆ. ದಾಖಲೆಯಲ್ಲಿ ಸಿಗುವುದು ಹಡಗಿನಿಂದ ಇಳಿದ ವಯಸ್ಸಾದ ಹೆಂಗಸು. ಊರು, ದ್ವೀಪ, ಹತ್ತಿ, ಕಲಿಸಿದ್ದು ಇವು ನಿಜ. ಧಾರಾವಾಹಿ ನೋಡುವಾಗ ಈ ಗೆರೆ ಎಲ್ಲಿದೆ ಅಂತ ಗೊತ್ತಿದ್ದರೆ ಒಳ್ಳೆಯದು.

ನೆನಪು ಹೇಗೆ ಉಳಿಯಿತು?

ಆಕೆ ತೀರಿಕೊಂಡಾಗ ಊರಿನವರು ಅತ್ತು, ಎಲ್ಲರೂ ಸೇರಿ ಮಣ್ಣು ಮಾಡಿದರು. ಗುಡಿ ಕಟ್ಟಿ ವರ್ಷವರ್ಷ ಪೂಜೆ ಸಲ್ಲಿಸಿದರು. ಮೂವತ್ತು ವರ್ಷಕ್ಕೆ ಗುಡಿ ಬಿತ್ತು. ಊರಿನ ಒಬ್ಬರು ಮತ್ತೆ ಕಟ್ಟಿಸಿದರು. ಅದೂ ಬಿತ್ತು. ಈಗ ಕಟ್ಟುವವರು ಯಾರೂ ಇಲ್ಲ, ಆಕೆಯ ಹೆಸರು ದಿನದಿನಕ್ಕೆ ಮರೆಯಾಗುತ್ತಿದೆ ಅಂತ ತಾವೊ ನೊಂದು ಬರೆದಿದ್ದಾನೆ.

ಹಾಗಾಗಲಿಲ್ಲ. ಗುಡಿಗಳು ಮತ್ತೆ ಎದ್ದವು. ಶಾಂಘೈನ ಹುವಾಜಿಂಗ್‌ನಲ್ಲಿರುವ ಆಕೆಯ ಸಮಾಧಿಯನ್ನು 1957ರಲ್ಲಿ ಹೊಸದಾಗಿ ಕಟ್ಟಿದರು. 1980ರಲ್ಲಿ ಚೀನಾ ತನ್ನ ಪ್ರಾಚೀನ ವಿಜ್ಞಾನಿಗಳ ಅಂಚೆಚೀಟಿಗಳನ್ನು ತಂದಾಗ ನಾಲ್ಕರಲ್ಲಿ ಒಂದು ಈಕೆಯದು. ವುನಿಜಿಂಗ್‌ನ ಕೈಮಗ್ಗದ ವಿದ್ಯೆ 2006ರಲ್ಲಿ ದೇಶದ ಪರಂಪರೆಯ ಪಟ್ಟಿ ಸೇರಿತು. ಶುಕ್ರ ಗ್ರಹದ ಮೇಲಿನ ಒಂದು ಕುಳಿಗೂ ಈಕೆಯ ಹೆಸರಿದೆ.

ಶಾಂಘೈ ಕಡೆಯ ಮಕ್ಕಳಿಗೆ ಒಂದು ಶಿಶುಪ್ರಾಸ ಇದೆ. ಅದರಲ್ಲಿ ಮಕ್ಕಳು ಆಕೆಯನ್ನು ಎರಡು ಸಲ ಹುವಾಂಗ್ ಅಜ್ಜಿ ಅಂತ ಕರೆದು, ನಮಗೆ ನೂಲು ತೆಗೆಯುವುದು ಕಲಿಸು, ಬಟ್ಟೆ ನೇಯುವುದು ಕಲಿಸು ಅಂತ ಕೇಳುತ್ತಾರೆ.